ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವೈದ್ಯೆಯಾಗಬೇಕೆಂದಿದ್ದೇನೆ. ದಾರಿ ತಿಳಿದವರು ಹೇಳಿಕೊಡಿ

ಸೊರಬದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಒಂದು ಹಳ್ಳಿಯವಳು, ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿದೆ. ನಮ್ಮ ಮನೆಯಲ್ಲಾಗಲಿ ನೆಂಟರಿಷ್ಟರಲ್ಲಾಗಲಿ ವೈದ್ಯರು ಯಾರೂ ಇಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ನನ್ನ ತಮ್ಮ 30 ವಾರಕ್ಕೇ ಹುಟ್ಟಿದ. ತೂಕ 1,150 ಗ್ರಾಂ. ಹೆರಿಗೆಯಾದ ಆಸ್ಪತ್ರೆಯಿಂದ ಅವನನ್ನು 108 ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಮ್ಮನನ್ನು ಅಪ್ಪ ಮರುದಿನ ಕರೆದುಕೊಂಡು ಹೋದರು. ಅವನು ಅಲ್ಲಿ 41 ದಿನ ಇದ್ದ. ನಾನು ಶನಿವಾರ ಶಾಲೆ ಮುಗಿಸಿ ಬಸ್ಸು ಹಿಡಿದು ಹೋಗಿ ಗಾಜಿನ ಆಚೆಯಿಂದ ನೋಡುತ್ತಿದ್ದೆ. ಬಟ್ಟೆಯನ್ನು ಸುರುಳಿ ಸುತ್ತಿ ಗೂಡಿನಂತೆ ಮಾಡಿ ಅದರೊಳಗೆ ಮಲಗಿಸಿದ್ದರು. ಪಾದಕ್ಕೆ ಕೆಂಪು ಬೆಳಕಿನ ಒಂದು ಪಟ್ಟಿ ಸುತ್ತಿತ್ತು. ಅವನಿಗೆ ಇನ್ನೂ ಹೆಸರಿಟ್ಟಿರಲಿಲ್ಲವಾದ್ದರಿಂದ ಕೈಗೆ ಕಟ್ಟಿದ್ದ ಚೀಟಿಯಲ್ಲಿ ಅಮ್ಮನ ಹೆಸರು ಬರೆದು, ಅವರ ಮಗು ಎಂದಷ್ಟೇ ಗುರುತು ಹಾಕಿದ್ದರು. ಸಿಸ್ಟರ್ ಒಬ್ಬರು ಗಂಟೆಗೊಮ್ಮೆ ಬಂದು ಒಂದು ದೊಡ್ಡ ಹಾಳೆಯಲ್ಲಿ ನಾಲ್ಕೈದು ಅಂಕಿಗಳನ್ನು ಬರೆದು ಹೋಗುತ್ತಿದ್ದರು. ಅದೇನೆಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಉಸಿರು, ಎದೆಬಡಿತ, ಮೈಬಿಸಿ, ಕುಡಿದ ಹಾಲು, ಹೋದ ಮೂತ್ರ, ಇಷ್ಟು ನೋಡಿದರೆ ನಿನ್ನ ತಮ್ಮ ಈ ಹೊತ್ತಿನಲ್ಲಿ ಹೇಗಿದ್ದಾನೆ ಎಂದು ತಿಳಿಯುತ್ತದೆ ಎಂದರು. ಆ ಹಾಳೆಯನ್ನು ಓದಬಲ್ಲವಳಾಗಬೇಕು ಎಂಬ ಆಸೆ ಅಂದೇ ಹುಟ್ಟಿತು, ಇಂದಿಗೂ ಹೋಗಿಲ್ಲ. ತಮ್ಮ ಈಗ ಅಂಗನವಾಡಿಗೆ ಹೋಗುತ್ತಾನೆ.

ನನ್ನ ಪ್ರಶ್ನೆಗಳು ಮೂರು. ಇಂತಹ ಮಕ್ಕಳನ್ನೇ ನೋಡಿಕೊಳ್ಳುವ ವೈದ್ಯೆಯಾಗಲು ಏನೇನು ಓದಬೇಕು, ಎಷ್ಟು ವರ್ಷ ಹಿಡಿಯುತ್ತದೆ? ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಸಾಧ್ಯವೇ? ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ. ನನಗೆ ಬೇಗ ಅಳು ಬರುತ್ತದೆ. ತಮ್ಮನ ಪಕ್ಕದಲ್ಲಿದ್ದ ಮಗು ಒಂದು ಶನಿವಾರ ಇತ್ತು, ಮುಂದಿನ ಶನಿವಾರ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಇಂತಹವಳು ಆ ಕೆಲಸಕ್ಕೆ ತಕ್ಕವಳೇ?

ನವಜಾತ ಶಿಶು ತಜ್ಞ, ಬೆಂಗಳೂರು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆ ಹಾಳೆಯ ಅಂಕಿಗಳು ಯಾವುವೆಂದು ಕೇಳಿ ತಿಳಿದುಕೊಂಡಿರಲ್ಲ, ನಮ್ಮ ಕೆಲಸ ಮೊದಲಾಗುವುದೇ ಅಲ್ಲಿಂದ.

ಮೊದಲು ಓದಿನ ದಾರಿ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ರಾಜ್ಯದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೂ ಅಲ್ಲಿ ಮೀಸಲಾತಿ ಇದೆ. ಅದರ ಪ್ರಮಾಣಪತ್ರಗಳನ್ನು ಈಗಲೇ ಶಾಲೆಯಿಂದಲೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದಲೂ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರದಲ್ಲಿ ಓಡಾಡಬೇಡಿ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಆಮೇಲೆ ನೀಟ್ ಪಿಜಿ ಬರೆದು ಮಕ್ಕಳ ವೈದ್ಯಕೀಯದಲ್ಲಿ ಮೂರು ವರ್ಷದ ಎಂ.ಡಿ. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಮುಗಿಸಬೇಕು. ಅನಂತರ ಇನ್ನೊಂದು ಪ್ರವೇಶ ಪರೀಕ್ಷೆ, ಮೂರು ವರ್ಷದ ಡಿ.ಎಂ. ನಿಯೊನೇಟಾಲಜಿ, ಅಂದರೆ ನವಜಾತ ಶಿಶುಗಳ ವೈದ್ಯಕೀಯ. ಎಲ್ಲಿಯೂ ಒಂದು ವರ್ಷವೂ ಹಾಳಾಗಲಿಲ್ಲ ಎಂದುಕೊಂಡರೂ ಒಟ್ಟು ಹನ್ನೊಂದೂವರೆ ವರ್ಷ. ಡಿ.ಎಂ. ಸೀಟು ಸಿಗದವರು, ಅಥವಾ ಅಷ್ಟು ಕಾಲ ಬೇಡವೆನ್ನುವವರು, ಎಂ.ಡಿ. ನಂತರ ನವಜಾತ ಶಿಶು ಆರೈಕೆಯಲ್ಲಿ ಫೆಲೋಶಿಪ್ ಮಾಡುವುದೂ ಉಂಟು.

ಭಾಷೆಯ ಬಗ್ಗೆ ಒಂದು ಮಾತು. ಮೊದಲ ವರ್ಷ ಅಂಗರಚನಾಶಾಸ್ತ್ರದ ಪುಸ್ತಕ ಕೈಗೆ ಬಂದಾಗ ಇಂಗ್ಲಿಷ್ ಮಾಧ್ಯಮದವರಿಗೂ ಅದು ಹೊಸ ಭಾಷೆಯೇ ಆಗಿರುತ್ತದೆ. ಆರು ತಿಂಗಳು ಕಷ್ಟಪಡುತ್ತೀರಿ, ಆಮೇಲೆ ಸರಿಹೋಗುತ್ತದೆ. ವಾರ್ಡಿನಲ್ಲಿ ತಾಯಂದಿರೊಡನೆ ಮಾತನಾಡುವಾಗ ನಿಮ್ಮ ಕನ್ನಡವೇ ನಿಮ್ಮ ಕೈ ಹಿಡಿಯುತ್ತದೆ.

ಇನ್ನು ಕೆಲಸದ ಸ್ವರೂಪ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಶಾಖೆಗೆ ಬರಬಯಸುವ ಬಹಳ ಮಂದಿಗೆ ಯಂತ್ರಗಳು ಕಾಣುತ್ತವೆ, ಅಳತೆ ಕಾಣುವುದಿಲ್ಲ. 37 ವಾರ ತುಂಬುವ ಮುನ್ನ ಹುಟ್ಟಿದರೆ ತಿಂಗಳು ತುಂಬದ ಮಗು. 28 ವಾರಕ್ಕೂ ಮೊದಲು ಹುಟ್ಟಿದವು ಅತ್ಯಂತ ನಾಜೂಕಿನವು. 900 ಗ್ರಾಂ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 80 ಮಿಲಿ, ಒಂದು ಸಣ್ಣ ಲೋಟ ಕಾಫಿಯಷ್ಟೂ ಇಲ್ಲ. ಅದರಿಂದ ಪರೀಕ್ಷೆಗೆಂದು ಒಂದು ಮಿಲಿ ತೆಗೆದರೆ, ದೊಡ್ಡವರ ಮೈಯಿಂದ 60 ಮಿಲಿ ತೆಗೆದ ಹಾಗೆ. ಹೀಗಾಗಿ ಪ್ರತಿಯೊಂದು ರಕ್ತ ಪರೀಕ್ಷೆಗೆ ಬರೆದುಕೊಡುವ ಮುನ್ನ, ಇದರ ಉತ್ತರ ತಿಳಿದರೆ ನಾನು ಚಿಕಿತ್ಸೆಯಲ್ಲಿ ಏನನ್ನಾದರೂ ಬದಲಿಸುವೆನೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಬದಲಿಸುವುದಿಲ್ಲವಾದರೆ ಆ ರಕ್ತ ಮಗುವಿನ ಮೈಯಲ್ಲಿಯೇ ಇರಲಿ.

ಆಮ್ಲಜನಕದ ಕಥೆಯೂ ಹಾಗೆಯೇ. 1940ರ ದಶಕದಲ್ಲಿ, 50ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕ ಮತ್ತು ಯುರೋಪಿನ ಒಳ್ಳೊಳ್ಳೆಯ ಆಸ್ಪತ್ರೆಗಳಲ್ಲಿ ಪುಟ್ಟ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರು. ಬದುಕುಳಿದ ಮಕ್ಕಳಲ್ಲಿ ಸಾವಿರಾರು ಮಂದಿ ಕುರುಡರಾದರು. ಕಣ್ಣಿನ ಒಳಪದರವಾದ ಅಕ್ಷಿಪಟಲದ ಎಳೆಯ ರಕ್ತನಾಳಗಳು ಅತಿಯಾದ ಆಮ್ಲಜನಕದಿಂದ ಹಾಳಾಗಿದ್ದವು. ಕಾರಣ ತಿಳಿದ ಮೇಲೆ ಆಮ್ಲಜನಕವನ್ನು ಬಿಗಿಯಾಗಿ ಕಡಿಮೆ ಮಾಡಿದರು, ಆಗ ಬೇರೆ ಮಕ್ಕಳು ಉಸಿರಿಲ್ಲದೆ ಸತ್ತರು. ಇಂದು ನಾವು ಆಮ್ಲಜನಕ ಕೊಡುವಾಗ ರಕ್ತದಲ್ಲಿ ಅದರ ಮಟ್ಟವನ್ನು ಶೇ 90ರಿಂದ 95ರೊಳಗೆ ಹಿಡಿದಿಡಲು ಹೆಣಗುತ್ತೇವೆ. ನಿಮ್ಮ ತಮ್ಮನ ಪಾದದ ಕೆಂಪು ಬೆಳಕು ಅಳೆಯುತ್ತಿದ್ದುದು ಇದನ್ನೇ. ಕಡಿಮೆಯಾದಾಗ ಎಲ್ಲರೂ ಓಡಿಬರುತ್ತಾರೆ; 98, 99 ಎಂದು ತೋರಿಸಿದಾಗಲೂ ಎದ್ದುಹೋಗಿ ಗುಂಡಿ ತಿರುಗಿಸುವವನು ಒಳ್ಳೆಯ ವೈದ್ಯ.

ಮತ್ತೊಂದನ್ನು ಹೇಳದೆ ಇರಲಾರೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ 34 ವಾರಗಳಿಗೆ ಹುಟ್ಟಿದ. ತೂಕ ಎರಡು ಕಿಲೋಗಿಂತ ಹೆಚ್ಚಿತ್ತು. ಆ ದೇಶದ ಅತ್ಯುತ್ತಮ ವೈದ್ಯರು ಸುತ್ತ ನಿಂತಿದ್ದರೂ ಎರಡು ದಿನ ತುಂಬುವ ಮೊದಲೇ ಉಸಿರಾಟದ ತೊಂದರೆಯಿಂದ ತೀರಿಕೊಂಡ. ಶ್ವಾಸಕೋಶದ ಗಾಳಿಚೀಲಗಳು ಕುಸಿದು ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಾರುವಸ್ತು ಇಂತಹ ಮಕ್ಕಳಲ್ಲಿ ಸಾಲದು ಎಂಬುದನ್ನು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿಯೇ ತೋರಿಸಿದ್ದರು. ಆದರೆ ಅದನ್ನು ಹೊರಗಿನಿಂದ ಕೊಡುವ ದಾರಿ ಯಾರಿಗೂ ತಿಳಿದಿರಲಿಲ್ಲ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಮಕ್ಕಳಿಗೆ ಕೊಟ್ಟು ಫಲ ಕಂಡರು. ಅಂದು ಅಧ್ಯಕ್ಷರ ಮಗನಿಗೂ ಸಿಗದಿದ್ದದ್ದು ಇಂದು ನಮ್ಮ ಜಿಲ್ಲೆಗಳಲ್ಲಿ ಕೂಲಿಕಾರರ ಮಕ್ಕಳಿಗೂ ಸಿಗುತ್ತಿದೆ. ನಾನು ಪ್ರತಿ ಸಲ ಆ ಬಿಳಿಯ ದ್ರವದ ಸಣ್ಣ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿ ಬೆಚ್ಚಗೆ ಮಾಡಿಕೊಳ್ಳುವಾಗ ಇದು ನೆನಪಾಗುತ್ತದೆ.

ಮೂರನೆಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲವರು ಇಲ್ಲಿದ್ದಾರೆ.

ಎಸ್‌ಎನ್‌ಸಿಯು ಸಿಸ್ಟರ್, ಕೊಪ್ಪಳ

ತಂಗಿ, ನಾನು ಹದಿನಾಲ್ಕು ವರ್ಷಗಳಿಂದ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಅಂದರೆ ಎಸ್‌ಎನ್‌ಸಿಯುನಲ್ಲಿ, ಇದ್ದೇನೆ. ಡಾಕ್ಟರ್ ಸರ್ ಹೇಳಿದ್ದೆಲ್ಲ ನಿಜ. ಆದರೆ ಸೀಸೆಯ ಮದ್ದು ಒಂದು ಅಥವಾ ಎರಡು ಸಲ ಕೊಡುವಂಥದ್ದು. ಹಾಲು ಪ್ರತಿ ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ ಕೊಡುವಂಥದ್ದು. ನಿನ್ನ ತಮ್ಮ 41 ದಿನದಲ್ಲಿ ಬೆಳೆದದ್ದು ಆ ಹಾಲಿನಿಂದ. ಅದನ್ನು ಹೇಗೆ ಕೊಡುತ್ತೇವೆಂದು ಹೇಳುತ್ತೇನೆ, ಏಕೆಂದರೆ ನೀನು ಗಾಜಿನ ಆಚೆಯಿಂದ ನೋಡಿದವಳು.

ಒಂದು ಕಿಲೋ ತೂಕದ ಮಗುವಿಗೆ ಮೊದಲ ದಿನ ಒಂದು ಸಲಕ್ಕೆ ಒಂದರಿಂದ ಎರಡು ಮಿಲಿ ಹಾಲು ಸಾಕು. ಆ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ; ಆದ್ದರಿಂದ ಬಾಯಿಯಿಂದ ಹೊಟ್ಟೆಗೆ ಎಳೆಯಷ್ಟು ಸಣ್ಣ ನಳಿಗೆ ಹಾಕಿರುತ್ತೇವೆ. ಸಿರಿಂಜಿನ ದಂಡವನ್ನು ಹೊರತೆಗೆದು, ಬರಿಯ ಕೊಳವೆಯನ್ನು ನಳಿಗೆಗೆ ಸೇರಿಸಿ, ಅದರಲ್ಲಿ ಹಾಲು ಹಾಕಿ ಮಗುವಿನ ಮೈಯಿಂದ ಒಂದು ಗೇಣು ಮೇಲೆ ಎತ್ತಿ ಹಿಡಿಯುತ್ತೇವೆ. ಹಾಲು ತಾನಾಗಿ ಇಳಿಯಬೇಕು. ಒತ್ತಬಾರದು. ಆತುರಪಟ್ಟು ಒತ್ತಿದ ಹೊಸ ಸಿಸ್ಟರುಗಳನ್ನು ನಾನು ಗದರಿಸಿದ್ದೇನೆ, ಮೊದಲ ವರ್ಷ ನನ್ನನ್ನೂ ಹಿರಿಯರು ಗದರಿಸಿದ್ದರು. ಹಾಲಿನ ಮಟ್ಟ ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಯುವುದನ್ನು ನೋಡುತ್ತಾ ಕೈ ಅಲುಗದಂತೆ ನಿಲ್ಲುವುದು, ಆ ಹೊತ್ತಿನಲ್ಲಿಯೇ ಮಗುವಿನ ಮುಖದ ಬಣ್ಣ, ಎದೆಯ ಏರಿಳಿತ, ಹೊಟ್ಟೆ ಉಬ್ಬಿದೆಯೇ ಎಂಬುದನ್ನು ಗಮನಿಸುವುದು, ಇದೇ ನಮ್ಮ ಕೆಲಸ. ಬಸುರಿನ ಲೆಕ್ಕದಲ್ಲಿ 32 ವಾರವಾಗುವ ಹೊತ್ತಿಗೆ ಒಳಲೆಯಲ್ಲಿ ಹಾಕಲು ಶುರು ಮಾಡುತ್ತೇವೆ. ನಮ್ಮ ಅಜ್ಜಿಯರು ಬಳಸಿದ ಅದೇ ಒಳಲೆ, ಈಗ ಕುದಿಸಿ ಬಳಸುತ್ತೇವೆ. 34 ವಾರದ ಸುಮಾರಿಗೆ ತಾಯಿಯ ಎದೆಗೆ ಹಚ್ಚುತ್ತೇವೆ.

ಹಾಲಿಗಿಂತ ಮೊದಲು ಕೈ. ಬಳೆ, ಉಂಗುರ, ಗಡಿಯಾರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯದೆ ಯಾರೂ ಮಗುವನ್ನು ಮುಟ್ಟುವಂತಿಲ್ಲ, ಜಿಲ್ಲಾಧಿಕಾರಿಗಳು ಬಂದರೂ ಅಷ್ಟೇ. ಸೋಂಕು ಹೊಕ್ಕಿತೆಂದರೆ ಹತ್ತು ದಿನದಲ್ಲಿ ಗಳಿಸಿದ್ದು ಒಂದು ರಾತ್ರಿಯಲ್ಲಿ ಹೋಗುತ್ತದೆ.

ಇನ್ನು ಕಾಂಗರೂ ಆರೈಕೆ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1978ರ ಸುಮಾರಿಗೆ ಎಡ್ಗರ್ ರೇ ಎಂಬ ವೈದ್ಯರು, ಇನ್‌ಕ್ಯುಬೇಟರ್‌ಗಳು ಸಾಲದೆ, ಮಕ್ಕಳನ್ನು ತಾಯಂದಿರ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಬಡ ದೇಶದ ಉಪಾಯವೆಂದು ಬಹಳ ಮಂದಿ ತಿಳಿದಿದ್ದರು. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಯಿತು. ಒಂದು ಕಿಲೋದಿಂದ 1.8 ಕಿಲೋ ಒಳಗಿನ ಮಕ್ಕಳನ್ನು, ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ 28 ದಿನದೊಳಗಿನ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಅಧ್ಯಯನ ನಡೆದಿತ್ತು. ಮೊದಲೆಲ್ಲ ತಾಯಿ ಕಿಟಕಿಯ ಹೊರಗೆ, ಮಗು ಒಳಗೆ. ಈಗ ತಾಯಿಗೆ ನಮ್ಮಲ್ಲಿಯೇ ಮಂಚ. ಎದೆಯ ಮೇಲಿನ ಮಗು ಒಂದು ಕ್ಷಣ ಉಸಿರು ನಿಲ್ಲಿಸಿದರೆ ನನ್ನ ಯಂತ್ರ ಕೂಗುವ ಮೊದಲೇ ಆ ತಾಯಿ ಬೆನ್ನು ಸವರಿರುತ್ತಾಳೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದು ಸಲವಲ್ಲ.

ಒಂದು ವಿಷಯ ಮರೆಯಬೇಡ. ಡಾಕ್ಟರೇ ಆಗಬೇಕೆಂದಿದ್ದರೆ ಆಗು, ನಿನ್ನ ಬೆನ್ನಿಗಿದ್ದೇವೆ. ಆದರೆ ನೀನು ಓದಬಯಸಿದ ಆ ಹಾಳೆಯನ್ನು ಬರೆದವಳು ಒಬ್ಬ ಸಿಸ್ಟರ್. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ಮೇಲೆ ನವಜಾತ ಶಿಶು ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಿದವರಿಗೆ ನಮ್ಮಂತಹ ಘಟಕಗಳಲ್ಲಿ ದೊಡ್ಡ ಬೇಡಿಕೆ ಇದೆ. ನೀಟ್ ಆಗದಿದ್ದರೆ ನೋಡೋಣ ಎಂಬ ಎರಡನೆಯ ದಾರಿಯೆಂದು ಇದನ್ನು ಎಣಿಸಬೇಡ, ಇದು ತಾನೇ ಒಂದು ದಾರಿ.

ಅವಳಿ ಮಕ್ಕಳ ತಂದೆ, ದಾವಣಗೆರೆ

ನಾನು ವೈದ್ಯನಲ್ಲ, ಅಂಗಡಿ ಇಟ್ಟುಕೊಂಡಿದ್ದೇನೆ. ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಅವಳಿ ಹೆಣ್ಣುಮಕ್ಕಳು 31 ವಾರಕ್ಕೆ ಹುಟ್ಟಿದರು. ಒಂದು ಖಾಸಗಿ ಆಸ್ಪತ್ರೆಯಲ್ಲಿ 24 ದಿನ ಇಟ್ಟುಕೊಂಡು ಚೆನ್ನಾಗಿಯೇ ನೋಡಿಕೊಂಡರು. ಬಿಡುಗಡೆಯ ದಿನ ನಾಲ್ಕು ಪುಟದ ಚೀಟಿ ಕೊಟ್ಟರು. ಮೂರನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಕಣ್ಣಿನ ಪರೀಕ್ಷೆ ಎಂದು ಒಂದು ಸಾಲು ಇತ್ತು. ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಹೇಳಿದ್ದರೂ ಆ ದಿನದ ಬಿಲ್ಲಿನ ಗಡಿಬಿಡಿಯಲ್ಲಿ ನನ್ನ ಕಿವಿಗೆ ಬಿದ್ದಿರಲಾರದು. ಕಣ್ಣು ತೆರೆದು ನೋಡುತ್ತವೆಯಲ್ಲ, ಕಣ್ಣಿಗೇನಾಗಿದೆ ಎಂದುಕೊಂಡೆವು. ಎರಡು ತಿಂಗಳಾದ ಮೇಲೆ ಲಸಿಕೆಗೆ ಹೋದಾಗ ಬೇರೊಬ್ಬ ವೈದ್ಯರು ಕೇಳಿ, ಗಾಬರಿಯಾಗಿ, ಅದೇ ದಿನ ಬೆಂಗಳೂರಿಗೆ ಕಳುಹಿಸಿದರು. ದೊಡ್ಡವಳಿಗೆ ಲೇಸರ್ ಚಿಕಿತ್ಸೆಯಿಂದ ಎರಡೂ ಕಣ್ಣು ಉಳಿಯಿತು. ಚಿಕ್ಕವಳಿಗೆ ಎಡಗಣ್ಣು ಮಾತ್ರ ಉಳಿಯಿತು.

ಅಮ್ಮಾ, ನೀನು ಡಾಕ್ಟರ್ ಆದ ದಿನ, ಬಿಡುಗಡೆಯ ಚೀಟಿಯನ್ನು ಕೊಡುವ ಮುನ್ನ ಆ ತಂದೆತಾಯಿಯನ್ನು ಐದು ನಿಮಿಷ ಕೂರಿಸಿಕೊಂಡು ಅವರ ಭಾಷೆಯಲ್ಲಿ ಹೇಳು, ಅವರಿಂದ ತಿರುಗಿ ಹೇಳಿಸು. ನನಗೆ ಬೇಕಾಗಿದ್ದದ್ದು ಅಷ್ಟೇ.

ನವಜಾತ ಶಿಶು ತಜ್ಞ, ಬೆಂಗಳೂರು

ದಾವಣಗೆರೆಯವರ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಇದನ್ನು ಓದುವ ಬೇರೆ ತಂದೆತಾಯಿಯರಿಗಾಗಿ ಸ್ಪಷ್ಟವಾಗಿ ಬರೆಯುತ್ತೇನೆ. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಪ್ರತಿಯೊಂದು ಮಗುವಿಗೂ ಹುಟ್ಟಿ 30 ದಿನ ತುಂಬುವುದರೊಳಗೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಇನ್ನೂ ಬೇಗ, ಎರಡು ಮೂರು ವಾರಗಳಲ್ಲಿಯೇ. ಮಗು ಕಣ್ಣು ಬಿಟ್ಟು ನೋಡುವುದಕ್ಕೂ ಅಕ್ಷಿಪಟಲದ ರಕ್ತನಾಳಗಳು ಕೆಡುವ ಈ ರೋಗಕ್ಕೂ ಸಂಬಂಧವಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ಸಲ ನೋಡಿಸಿದರೆ ಮುಗಿಯಿತು ಎಂದೂ ಅಲ್ಲ, ರಕ್ತನಾಳಗಳು ಪೂರ್ತಿ ಬೆಳೆಯುವವರೆಗೆ ಕರೆದಾಗಲೆಲ್ಲ ಹೋಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಎಂಬ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೇ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದ ನೋಡಿ ಹೇಳುತ್ತಾರೆ. 2008ರಿಂದ ನಡೆದುಬಂದಿರುವ ಈ ಕೆಲಸ ಕರ್ನಾಟಕದವರು ಹೆಮ್ಮೆಪಡುವಂಥದ್ದು. ಆದರೂ ಕೊನೆಯ ಕೊಂಡಿ ಮನುಷ್ಯರ ಮಾತೇ. ಅದು ಕಳಚಿದರೆ ಏನಾಗುತ್ತದೆಂದು ಅವರು ಹೇಳಿದ್ದಾರೆ.

ಮಕ್ಕಳ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ, ಹುಬ್ಬಳ್ಳಿ

ನಾನೂ ಹಳ್ಳಿಯಿಂದಲೇ ಬಂದವಳು, ಎಂ.ಡಿ. ಎರಡನೆಯ ವರ್ಷದಲ್ಲಿದ್ದೇನೆ. ಹಿರಿಯರ ಮಾತಿಗೆ ಒಂದು ಭಿನ್ನಾಭಿಪ್ರಾಯ ಸೇರಿಸಲು ಅಪ್ಪಣೆ ಬೇಡುತ್ತೇನೆ.

ಸರ್ ಹೇಳಿದ ಹನ್ನೊಂದೂವರೆ ವರ್ಷದ ಕೊನೆಯಲ್ಲಿ ಹೆಚ್ಚಿನವರು ಬೆಂಗಳೂರಿನಂತಹ ನಗರದಲ್ಲಿ ನೆಲೆಸುತ್ತಾರೆ, ಏಕೆಂದರೆ ವೆಂಟಿಲೇಟರು, ಹೃದಯ ನೋಡುವ ಎಕೋ ಯಂತ್ರ, ರಾತ್ರಿಯಿಡೀ ನಡೆಯುವ ಪ್ರಯೋಗಾಲಯ ಇರುವುದು ಅಲ್ಲಿ. ಆದರೆ ನಮ್ಮಲ್ಲಿಗೆ ಸಾಯುವ ಸ್ಥಿತಿಯಲ್ಲಿ ಬರುವ ಮಕ್ಕಳಲ್ಲಿ ಎಷ್ಟೋ ಮಕ್ಕಳ ಸ್ಥಿತಿ ಕೆಟ್ಟದ್ದು ಹುಟ್ಟಿದ ಮೊದಲ ಒಂದೆರಡು ಗಂಟೆಗಳಲ್ಲಿ, ದಾರಿಯಲ್ಲಿ. ಕಳೆದ ಮಳೆಗಾಲದ ಒಂದು ರಾತ್ರಿ 1,300 ಗ್ರಾಂ ತೂಕದ ಮಗು ಬಂತು. ಒದ್ದೆ ಸೀರೆಯಲ್ಲಿ ಸುತ್ತಿದ್ದರು. ಪಾದ ಮುಟ್ಟಿದರೆ ಕೊಳದ ಕಲ್ಲಿನಂತೆ ತಣ್ಣಗಿತ್ತು, ಥರ್ಮಾಮೀಟರ್ 33.8 ಡಿಗ್ರಿ ತೋರಿಸಿತು, ಇರಬೇಕಾದದ್ದು 36.5ರಿಂದ 37.5. ಆ ಮಗುವಿಗೆ ಬೇಕಾಗಿದ್ದದ್ದು ಡಿ.ಎಂ. ಓದಿದವರಲ್ಲ. ಹುಟ್ಟಿದ ಕೂಡಲೇ ಕುತ್ತಿಗೆಯವರೆಗೆ ಶುಭ್ರವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಟೋಪಿ ಹಾಕಿ, ಆಂಬುಲೆನ್ಸ್‌ನಲ್ಲಿ ತಾಯಿಯದೋ ಅಜ್ಜಿಯದೋ ಎದೆಗೆ ಕಟ್ಟಿ ಕಳುಹಿಸುವ ಒಬ್ಬರು ಬೇಕಾಗಿತ್ತು. ಮಗುವನ್ನು ಬೆಚ್ಚಗೆ ಮಾಡಿದೆವು, ಉಸಿರಾಟಕ್ಕೆ ನೆರವು ಕೊಟ್ಟೆವು, ಮೂರನೆಯ ದಿನ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ತೀರಿಕೊಂಡಿತು.

ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಘಟಕ, ಅದರ ಕೆಳಗೆ ತಾಲ್ಲೂಕು ಮಟ್ಟದಲ್ಲಿ ನವಜಾತ ಶಿಶು ಸ್ಥಿರೀಕರಣ ಘಟಕ, ಹೆರಿಗೆಯಾಗುವ ಪ್ರತಿಯೊಂದು ಕಡೆ ಒಂದು ಶಿಶು ಆರೈಕೆ ಮೂಲೆ, ಹೀಗೆ ಮೂರು ಮೆಟ್ಟಿಲುಗಳನ್ನು ಸರ್ಕಾರ ಕಟ್ಟಿದೆ. ಮೇಲಿನ ಮೆಟ್ಟಿಲಿಗೆ ಎಲ್ಲರೂ ಹಂಬಲಿಸುತ್ತಾರೆ, ನಡುವಿನದು ಖಾಲಿ. ಎಂ.ಡಿ. ಮುಗಿಸಿ ಸೊರಬದಂತಹ ಊರಿನ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆಯಾಗಿ ಕುಳಿತರೆ, ಅಲ್ಲಿನ ಸಿಸ್ಟರುಗಳಿಗೆ ಮೊದಲ ನಿಮಿಷದ ಕೆಲಸವನ್ನು ಬಿಡದೆ ಕಲಿಸಿದರೆ, ನೀವು ಉಳಿಸುವ ಮಕ್ಕಳ ಸಂಖ್ಯೆ ಕಡಿಮೆಯೇನಲ್ಲ. ಸರ್ ಇದನ್ನು ಒಪ್ಪುವರೋ ಇಲ್ಲವೋ ಕೇಳಲು ಇಷ್ಟ.

ಇನ್ನು ಅಳುವಿನ ವಿಷಯ. ಆ ರಾತ್ರಿ ನಾನು ಲಿನನ್ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಪಕ್ಕದ ಮಗುವಿನ ಔಷಧಿಯ ಲೆಕ್ಕ ಹಾಕಿದೆ. ಉಸಿರು ನಿಲ್ಲದಂತೆ ಕೊಡುವ ಕೆಫೀನ್ ಮೊದಲ ಬಾರಿಗೆ ಕಿಲೋಗೆ 20 ಮಿಲಿಗ್ರಾಂ, ತೂಕ 1.24, ಬರೆದೆ, ಸಿಸ್ಟರ್ ಕೈಯಲ್ಲಿ ಇನ್ನೊಮ್ಮೆ ಲೆಕ್ಕ ಮಾಡಿಸಿದೆ, ಇಬ್ಬರದೂ ಒಂದೇ ಬಂದ ಮೇಲೆ ಕೊಟ್ಟೆವು. ದಶಾಂಶ ಚಿಹ್ನೆ ಒಂದು ಮನೆ ಆಚೀಚೆಯಾದರೆ ಹತ್ತು ಪಟ್ಟು ಔಷಧಿ ಹೋಗುವ ವಾರ್ಡು ಇದು. ನಿಮಗೆ ಅಳು ಬರುವುದು ತೊಂದರೆಯಲ್ಲ. ಆ ಹೊತ್ತಿನಲ್ಲಿ ನಿಮ್ಮ ಲೆಕ್ಕವನ್ನು ಇನ್ನೊಬ್ಬರ ಕೈಗೆ ಕೊಟ್ಟು ನೋಡಿ ಎನ್ನುವ ಅಭ್ಯಾಸ ಮಾಡಿಕೊಳ್ಳಿ, ಅದನ್ನು ಈಗಿನಿಂದಲೇ ಮಾಡಬಹುದು.

ನವಜಾತ ಶಿಶು ತಜ್ಞ, ಬೆಂಗಳೂರು

ಹುಬ್ಬಳ್ಳಿಯವರ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ತಿಂಗಳು ತುಂಬದೆ ಹುಟ್ಟಿದರೆಂದು ಅಂದಾಜು, ಅವರಲ್ಲಿ ಸುಮಾರು 30 ಲಕ್ಷ ಭಾರತದವರು. ಇಷ್ಟು ಮಕ್ಕಳನ್ನು ಡಿ.ಎಂ. ಓದಿದವರೇ ನೋಡಿಕೊಳ್ಳುವುದು ಎಂದಿಗೂ ಆಗದು, ಅದರ ಅಗತ್ಯವೂ ಇಲ್ಲ. ಬಹುಪಾಲು ಮಕ್ಕಳು 32 ವಾರ ದಾಟಿದವರು, ಅವರಿಗೆ ಬೆಚ್ಚಗಿನ ಮೈ, ತಾಯಿಯ ಹಾಲು, ಸೋಂಕಿಲ್ಲದ ಕೈ ಸಾಕು.

ಒಪ್ಪದ ಕಾಲು ಪಾಲು ಇದು. 26 ವಾರದ ಮಗುವಿನ ಮಿದುಳಿನಲ್ಲಿ ರಕ್ತಸ್ರಾವವಾಗಿದೆಯೇ ಎಂದು ಅಲ್ಟ್ರಾಸೌಂಡಿನಲ್ಲಿ ನೋಡಲು, ಕರುಳು ಕೊಳೆಯುವ ಕಾಯಿಲೆಯನ್ನು ಹೊಟ್ಟೆ ಉಬ್ಬುವ ಮೊದಲೇ ಸಂಶಯಿಸಲು, ವೆಂಟಿಲೇಟರಿನ ಒತ್ತಡವನ್ನು ಇಳಿಸಿ ಆದಷ್ಟು ಬೇಗ ಮಗುವನ್ನು ಅದರಿಂದ ಬಿಡಿಸಲು ಮೂರು ವರ್ಷ ಅದನ್ನೇ ಮಾಡಿದವರು ಬೇಕು. ತಾಲ್ಲೂಕಿನವರಿಗೆ ಕಲಿಸುವವರೂ ಅವರೇ ಆಗಬೇಕು. ಮೊದಲ ನಿಮಿಷದ ಪಾಠವನ್ನು ನಾನು ಕಲಿಸುವಾಗ ಉಸಿರು, ಎರಡು, ಮೂರು, ಉಸಿರು, ಎರಡು, ಮೂರು ಎಂದು ಗಟ್ಟಿಯಾಗಿ ಕನ್ನಡದಲ್ಲಿಯೇ ಎಣಿಸಲು ಹೇಳುತ್ತೇನೆ. ಉಸಿರಾಡದ ಮಗುವಿಗೆ ಗಾಳಿ ಕೊಡುವ ಚೀಲವನ್ನು ಉಸಿರು ಎಂದಾಗ ಒತ್ತಬೇಕು, ಎರಡು ಮೂರು ಎಂದಾಗ ಬಿಡಬೇಕು. ನಿಮಿಷಕ್ಕೆ 40ರಿಂದ 60 ಉಸಿರು ಬರುವ ಲಯ ಅದು. ಎದೆ ಏಳುತ್ತಿದೆಯೇ ಎಂದು ನೋಡುವವರು ಇನ್ನೊಬ್ಬರು. ಗೊಂಬೆಯ ಮೇಲೆ ನೂರು ಸಲ ಮಾಡಿದವರ ಕೈ ನಿಜವಾದ ಮಗು ಬಂದಾಗ ನಡುಗುವುದಿಲ್ಲ.

ಈ ಆಯ್ಕೆಯನ್ನು ವಿದ್ಯಾರ್ಥಿನಿ ಇಂದೇ ಮಾಡಬೇಕಾಗಿಲ್ಲ. ಎಂ.ಡಿ.ಯ ಎರಡನೆಯ ವರ್ಷದಲ್ಲಿ ಮಾಡಲಿ.

ಆಶಾ ಕಾರ್ಯಕರ್ತೆ, ಯಾದಗಿರಿ ಜಿಲ್ಲೆ

ದೊಡ್ಡ ಓದಿನವರ ನಡುವೆ ನಾನೂ ನಾಲ್ಕು ಮಾತು ಬರೆಯುತ್ತೇನೆ. ಮಗು ಮನೆಗೆ ಬಂದ ಮೇಲಿನ ಲೆಕ್ಕ ನಮ್ಮದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ನಾವು ಮನೆಗೆ ಹೋಗುತ್ತೇವೆ. ಜೋಳಿಗೆ ತಕ್ಕಡಿಯಲ್ಲಿ ತೂಗುತ್ತೇವೆ, ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತೇವೆ. ಪುಟ್ಟ ಮಕ್ಕಳಿದ್ದ ಮನೆಗೆ ಇನ್ನೂ ಹೆಚ್ಚು ಸಲ ಹೋಗುತ್ತೇನೆ.

ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈ ಮಾತಿನಿಂದ ಎಂಟು ತಿಂಗಳ ಮಗುವಿನ ತಾಯಿ ಮೊದಲೇ ಕೈಚೆಲ್ಲಿ ಕೂರುತ್ತಾಳೆ. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚಿದ್ದಷ್ಟೂ ಮಗುವಿಗೆ ಬಲ ಎಂದು ನಾನು ಬೆರಳು ಮಡಿಸಿ ಹೇಳುತ್ತೇನೆ. ಬಜೆ ತೇಯ್ದು ನೆಕ್ಕಿಸುವುದು, ಬಿಸಿನೀರು ಎರೆದು ಎಣ್ಣೆ ತಿಕ್ಕುವುದು, ಮೂಗಿಗೆ ಊದುವುದು, ಇವನ್ನೆಲ್ಲ ಬಿಡಿಸಬೇಕಾದರೆ ಅಜ್ಜಿಯ ಜೊತೆ ಜಗಳವಾಡಿ ಫಲವಿಲ್ಲ. ಅಜ್ಜಿಗೇ ಮಗುವನ್ನು ಎದೆಗೆ ಕಟ್ಟುವ ಕೆಲಸ ಕೊಡುತ್ತೇನೆ. ಸೊಸೆ ಅಡುಗೆಗೆ ಎದ್ದಾಗ ಅತ್ತೆ ಕಟ್ಟಿಕೊಳ್ಳುತ್ತಾಳೆ. ಆಮೇಲೆ ಬಜೆಯ ಮಾತೇ ಬರುವುದಿಲ್ಲ. ನೀನು ಡಾಕ್ಟರ್ ಆದರೆ ನಮ್ಮ ಫೋನ್ ಎತ್ತುವ ಡಾಕ್ಟರ್ ಆಗವ್ವ.

ಸೊರಬದ ವಿದ್ಯಾರ್ಥಿನಿ

ಎಲ್ಲರ ಉತ್ತರಗಳನ್ನೂ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಹಾಲು ಇಳಿಯುವುದನ್ನು ಸಿಸ್ಟರ್ ಬರೆದಿದ್ದ ಕಡೆ ಅಮ್ಮ ನನ್ನನ್ನು ನಿಲ್ಲಿಸಿ, ನಾನೂ ಹಾಗೆಯೇ ಹಿಡಿದಿದ್ದೆ, ಕೊನೆಯ ಹತ್ತು ದಿನ ನನ್ನ ಕೈಗೇ ಕೊಟ್ಟಿದ್ದರು ಎಂದಳು. ನಾಲ್ಕು ವರ್ಷದಲ್ಲಿ ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ. ಅನಂತರ ಕಪಾಟಿನಿಂದ ಬಿಡುಗಡೆಯ ಚೀಟಿ ತೆಗೆದುಕೊಟ್ಟಳು. ಕಣ್ಣಿನ ಪರೀಕ್ಷೆ ಎರಡು ಸಲ ಆಗಿದೆ, ಎರಡನೆಯದರಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿವೆ ಎಂದು ಬರೆದಿದೆ. ಅದನ್ನು ಓದಿದಾಗ ದಾವಣಗೆರೆಯ ಅಣ್ಣನವರ ಚಿಕ್ಕ ಮಗಳು ನೆನಪಾದಳು.

ಅಪ್ಪನಿಗೆ ಹನ್ನೊಂದೂವರೆ ವರ್ಷ ಎಂಬುದು ಭಾರವಾಗಿ ಕಂಡಿದೆ. ಇಂಟರ್ನ್‌ಶಿಪ್‌ನಿಂದ ಮುಂದಕ್ಕೆ ಕೆಲಸ ಮಾಡುತ್ತಲೇ ಓದುವುದು, ಶಿಷ್ಯವೇತನ ಬರುತ್ತದೆ ಎಂದು ಹೇಳಿದ್ದೇನೆ. ಮೊದಲು ನೀಟ್ ಬರಲಿ ಎಂದರು. ಬೇಡ ಎನ್ನಲಿಲ್ಲ.

ನನ್ನದು ಇನ್ನೊಂದು ಕೋರಿಕೆ. ಈ ವಾರ್ಡನ್ನು ಗಾಜಿನ ಆಚೆಯಿಂದ ಮಾತ್ರ ನೋಡಿದ್ದೇನೆ. ಪರೀಕ್ಷೆಗೆ ಮುಂಚೆ ಒಂದು ದಿನವಾದರೂ ಒಳಗೆ ನಿಂತು ನೋಡಲು ಸಾಧ್ಯವೇ?

ಎಸ್‌ಎನ್‌ಸಿಯು ಸಿಸ್ಟರ್, ಕೊಪ್ಪಳ

ತಂಗಿ, ಸುಮ್ಮನೆ ನೋಡಲೆಂದು ಯಾರನ್ನೂ ಒಳಗೆ ಬಿಡುವುದಿಲ್ಲ, ಅದು ಮಕ್ಕಳ ಒಳ್ಳೆಯದಕ್ಕೆ. ಆದರೆ ನವೆಂಬರ್ 17 ತಿಂಗಳು ತುಂಬದ ಮಕ್ಕಳ ವಿಶ್ವ ದಿನ. ಆ ದಿನ ಎಷ್ಟೋ ಘಟಕಗಳು ತಮ್ಮಲ್ಲಿದ್ದು ಹೋದ ಮಕ್ಕಳನ್ನು ಮನೆಯವರ ಜೊತೆ ಕರೆಸುತ್ತವೆ. ನಿನ್ನ ತಮ್ಮ ಇದ್ದ ಆಸ್ಪತ್ರೆಗೆ ಫೋನ್ ಮಾಡಿ ಕೇಳು, ಅವನನ್ನು ಕರೆದುಕೊಂಡು ಹೋಗು. ಅವನ ಹಾಳೆ ಬರೆದ ಸಿಸ್ಟರ್ ಅಲ್ಲಿಯೇ ಇದ್ದರೆ ಅವನನ್ನು ಅವರ ಮುಂದೆ ನಿಲ್ಲಿಸು, ಅವರಿಗೆ ಗುರುತು ಸಿಗುವುದಿಲ್ಲ, ಅಮ್ಮನ ಹೆಸರು ಹೇಳು. ಕಾಂಗರೂ ಕೋಣೆಯಲ್ಲಿ ತಾಯಂದಿರೊಡನೆ ಸ್ವಲ್ಪ ಹೊತ್ತು ಕೂರಬಹುದೇ ಎಂದು ಆಗ ಕೇಳು. ಒಪ್ಪಿದರೆ ಬಳೆ ತೆಗೆದಿಟ್ಟು ಹೋಗು, ಉಗುರು ಹಿಂದಿನ ದಿನವೇ ಕತ್ತರಿಸಿರಲಿ.